ಮುಖ ತೋರಿಸದ ನಾಯಕಿ

ಯಾವ ಕಥೆಯೇ ಆಗಲಿ, ಚಕ್ಕುಬಂದಿಯಿಂದ ಶುರುವಾಗಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂಬುದು ತಿಳಿಯದೆ ನಡುವೆ ನಿಂತ ಮನುಷ್ಯನನ್ನು ನಂಬುವುದಾದರೂ ಹೇಗೆ? ಹಾವೇರಿಯ ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ನಡೆಸುತ್ತಲೇ ತಲೆ ಹಣ್ಣಾದ ನನಗೆ ಸಿನಿಮಾ ವಿಷಯದಲ್ಲೂ ಇದೇ ನ್ಯಾಯ. ಮೊದಲು ಊರು ಕಾಣಬೇಕು, ಆಮೇಲೆ ಓಣಿ, ಆಮೇಲೆ ಮನೆ, ಕೊನೆಗೆ ಮನುಷ್ಯ. ಊಟಕ್ಕೆ ಕುಳಿತಾಗ ಇದನ್ನು ಮಗಳು ಮೇಘಾಳಿಗೆ ವಿವರಿಸಿದೆ. ಅವಳು ಪತ್ರಿಕೋದ್ಯಮ ಓದುತ್ತಾಳೆ. ದೊಡ್ಡ ನಗರದ ಹರೆಯದ ಹುಡುಗ ಹುಡುಗಿಯರ ಚಿತ್ರವೊಂದರ ಆರಂಭವನ್ನಷ್ಟೇ ತೆಗೆದು ತೋರಿಸಿ ಎಂದು ಕಾಲೇಜಿನಲ್ಲಿ ಹೇಳಿದ್ದರು.

"ನಿನ್ನ ಕ್ಯಾಮೆರಾ ಊರು ದಾಟಿ ಓಣಿಗೆ ಬರೂದ್ರಾಗ ಜನ ಎದ್ದು ಮನೀಗೆ ಹೋಗಿರ್ತಾರಪಾ," ಎಂದಳು. "ನಾ ಹುಡುಗಿ ಮಾರೀಲಿಂದನ ಚಾಲೂ ಮಾಡ್ತೇನಿ. ಪರದೆ ತುಂಬ ಬರೇ ಮಾರಿ."

ತೊಂದರೆ ಇದ್ದದ್ದು ಆ ಮುಖದಲ್ಲೇ. ಅದು ಅವಳ ಗೆಳತಿ ನೇತ್ರಾಳದು. ಬ್ಯಾಡಗಿಯಿಂದ ದಿನಾ ಬಸ್ಸಿಗೆ ಬಂದು ಓದುವ ಹುಡುಗಿ. ತಂದೆ ಚನ್ನಬಸಪ್ಪನವರು ಮೆಣಸಿನಕಾಯಿ ವ್ಯಾಪಾರಿಗಳು, ನನ್ನ ಹಳೆಯ ಕಕ್ಷಿದಾರರು. ಅವರ ಸಿಟ್ಟು ಅವರ ಸರಕಿಗಿಂತ ಒಂದು ಕೈ ಮೇಲು ಎಂದು ಪ್ರತೀತಿ.

"ಅಪ್ಪಗ ಗೊತ್ತಾತಂದ್ರ ನನ್ನ ಕಾಲೇಜು ಅವತ್ತಿಗೇ ಬಂದ್ ರೀ ಕಾಕಾ," ಎಂದು ನೇತ್ರಾ ನಮ್ಮ ಪಡಸಾಲೆಯಲ್ಲಿ ಕುಳಿತು ಕಣ್ಣೊರೆಸಿಕೊಂಡಳು. "ಹಂಗಂತ ಬಿಡಾಕೂ ಮನಸ್ಸಿಲ್ರಿ."

ಸಲಹೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಅಪಕೀರ್ತಿ ನನಗಿಲ್ಲ. ಗಂಟಲು ಸರಿಮಾಡಿಕೊಂಡು ಅಪ್ಪಣೆ ಕೊಡಿಸಿದೆ: ಮುಖ ತೋರಿಸದಿದ್ದರೆ ಗುರುತಿಲ್ಲ, ಗುರುತಿಲ್ಲದಿದ್ದರೆ ಸಾಕ್ಷ್ಯವಿಲ್ಲ, ಸಾಕ್ಷ್ಯವಿಲ್ಲದಿದ್ದರೆ ಚನ್ನಬಸಪ್ಪನವರೂ ಇಲ್ಲ.

ಚಿತ್ರಕ್ಕೆ ಬೇಕಾದ ದೊಡ್ಡ ನಗರ ಹಾವೇರಿಯಲ್ಲಿ ಸಿಗಲಿಲ್ಲವಾಗಿ ಅದನ್ನು ಹುಡುಕಿಕೊಂಡು ರಾಣೆಬೆನ್ನೂರಿಗೆ ಹೋದೆವು. ಮೂರಂತಸ್ತಿನ ಬೀಜದಂಗಡಿಯ ಮುಂದೆ ಮೇಘಾ ಅಂಗಾತ ಮಲಗಿ ಕ್ಯಾಮೆರಾ ಮೇಲೆತ್ತಿದಳು. ಕಟ್ಟಡ ಹೋಗಿ ಆಕಾಶಕ್ಕೆ ತಾಗಿತು. ಹುಡುಗಿಗೆ ಚಕ್ಕರ್ ಬಂದಿದೆಯೆಂದು ಅಂಗಡಿಯವರು ಗಾಳಿ ಬೀಸಲು ರಟ್ಟು ಹಿಡಿದು ಓಡಿಬಂದರು. ಕೆಳಗಿನಿಂದ ನೋಡಿದರೆ ಎಂಥದ್ದೂ ದೊಡ್ಡದಾಗಿ ಕಾಣುತ್ತದೆ ಎಂಬ ಈ ವಿದ್ಯೆಯನ್ನು ನಾನು ಎತ್ತರದ ಕುರ್ಚಿಯಲ್ಲಿ ಕೂತು, ಕಕ್ಷಿದಾರರಿಗೆ ಕುಳ್ಳ ಬೆಂಚು ಹಾಕಿ, ಬಹುಕಾಲದಿಂದ ನಡೆಸುತ್ತ ಬಂದಿದ್ದೇನೆ. ಅದು ಕಲೆಯೆಂದು ಮಾತ್ರ ಗೊತ್ತಿರಲಿಲ್ಲ.

ನಾಯಕಿ ತುಂಡು ತುಂಡಾಗಿ ಬಂದಳು. ಅವಸರದ ಕಾಲು, ಬಸ್ಸಿನ ಕಂಬಿ ಹಿಡಿದ ಕೈ, ಬೆನ್ನು, ಜಡೆ. ಒಂದಾದರೂ ಮುಖ ಬೇಕಲ್ಲ ಎಂದು ಕಠೋರ ತಂದೆಯ ಪಾತ್ರ ನನಗೆ ಬಂತು. ಕರಿ ಕೋಟು ಹಾಕಿಕೊಂಡು, ಹುಬ್ಬು ಗಂಟಿಕ್ಕಿ, ಪರದೆ ತುಂಬಿದೆ. ಸಂಗತಿಯನ್ನು ಬಂಧುಬಳಗಕ್ಕೆಲ್ಲ ಫೋನು ಮಾಡಿ ವಿನಯದಿಂದ ತಿಳಿಸಿದೆ.

ಚಿತ್ರವನ್ನು ಪಾಲಕರ ಸಭೆಯಲ್ಲಿಯೇ ತೋರಿಸುತ್ತಾರೆಂದು ಯಾರಿಗೆ ಗೊತ್ತಿತ್ತು? ಚನ್ನಬಸಪ್ಪನವರು ಬಂದು ನನ್ನ ಪಕ್ಕದಲ್ಲೇ ಆಸೀನರಾದರು. ದೀಪ ಆರಿತು. ಪರದೆಯ ಮೇಲೆ ಎರಡು ಕಾಲು ನಡೆದವು.

"ವಕೀಲರ," ಎಂದರು ಮೆಲ್ಲಗೆ, "ಇದು ನಮ್ಮ ನೇತ್ರಾ."

"ಹಂಗ ಹೆಂಗ ಹೇಳ್ತೀರಿ? ಕಾಲು ಎಲ್ಲಾರವೂ ಒಂದ ಥರಾ ಇರ್ತಾವ."

"ನಡಿಯೂದು ಕಲಿಸಿದಾಂವ ನಾನ್ರಿ."

ಇದಕ್ಕೆ ಪಾಟೀಸವಾಲು ಹಾಕುವ ವಕೀಲ ಇನ್ನೂ ಹುಟ್ಟಿಲ್ಲ. ಬೆನ್ನು ಬಂತು, ಜಡೆ ಬಂತು. ಅವರ ಉಸಿರು ಬಿಸಿಯಾಗುತ್ತಿರುವುದು ನನ್ನ ಕಿವಿಗೆ ತಾಗುತ್ತಿತ್ತು. ಎರಡು ಸಾಲು ಮುಂದೆ ನೇತ್ರಾ ತಲೆ ಬಗ್ಗಿಸಿ ಕುಳಿತಿದ್ದಳು. ನನ್ನ ಮುಖ ಪರದೆ ತುಂಬಿದಾಗ ಅದನ್ನು ನೋಡುವ ಧೈರ್ಯ ನನಗೇ ಇರಲಿಲ್ಲ.

ಹೊರಗೆ ಬಂದದ್ದೇ ತಡ, ಚನ್ನಬಸಪ್ಪನವರು ಇಬ್ಬರು ಹುಡುಗಿಯರನ್ನೂ ಕರೆದರು.

"ಕೇಳದ ಮಾಡಿದ್ದಕ್ಕ ಮನ್ಯಾಗ ಬ್ಯಾರೆ ಮಾತಾಡೂಣು," ಎಂದರು ಮಗಳಿಗೆ. ದನಿ ಒಡೆದಿತ್ತು. "ಈಗ ಒಂದ ಹೇಳು. ಟೀವ್ಯಾಗ ಮಾರಿ ಮುಚ್ಚಿ ತೋರಸೂದು ಯಾರನ್ನ? ಕಳ್ಳರನ್ನ. ನೀ ಏನ್ ಕಳವು ಮಾಡೀದಿ?"

ನೇತ್ರಾಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ತಲೆ ಎತ್ತಿ ತಂದೆಯನ್ನೇ ನೋಡುತ್ತಿದ್ದಳು.

"ಹಿಂಗ ಮಾರಿ ಮುಚ್ಚು ಅಂದಾಂವ ಯಾಂವ?"

ಮೇಘಾ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಇನ್ನೊಮ್ಮೆ ತಗೀರಿ," ಎಂದರು ಚನ್ನಬಸಪ್ಪನವರು. "ಮಾರಿ ಕಾಣಬೇಕು. ಪೂರಾ."

ನೇತ್ರಾಳ ಕಾಲೇಜು ಉಳಿಯಿತು. ಚಿತ್ರವನ್ನು ಹೊಸದಾಗಿ ತೆಗೆದರು. ಈಗ ಮೊದಲಿಂದ ಕೊನೆಯವರೆಗೆ ಅವಳದೇ ಮುಖ. ಅಂದು ತಂದೆಯ ಎದುರು ನಿಂತಿದ್ದಳಲ್ಲ, ಹಾಗೆಯೇ ನಿಂತಿದ್ದಾಳೆ. ಮಾತಿಲ್ಲ, ಅಂಜಿಕೆಯಿದೆ, ಆದರೆ ಕಣ್ಣು ಕೆಳಗಿಳಿಸುವುದಿಲ್ಲ. ಅವಳ ಎದುರಿಗಿರುವ ಕಠೋರ ತಂದೆ ಈಗಲೂ ನಾನೇ. ಆದರೆ ಮೇಘಾ ಕ್ಯಾಮೆರಾವನ್ನು ನನ್ನ ಹಿಂದೆ ಇಟ್ಟಿದ್ದರಿಂದ ನನ್ನ ಪಾಲಿಗೆ ಉಳಿದದ್ದು ಕರಿ ಕೋಟಿನ ಮಸುಕಾದ ಎಡಭುಜವೊಂದೇ.

ಬಂಧುಬಳಗಕ್ಕೆ ಇನ್ನೊಮ್ಮೆ ಫೋನು ಮಾಡಲಿಲ್ಲ. ಮನೆಯಲ್ಲಿ ಹೆಂಡತಿಗಷ್ಟೇ ತೋರಿಸಿದೆ. ಅವಳು ಎರಡು ಸಲ ನೋಡಿದಳು, ನೇತ್ರಾಳ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು:

"ಹುಡುಗಿ ಭಾಳ ಚೆಂದ ಮಾಡ್ಯಾಳ್ರಿ. ಆದರ ಬಾಜೂಕ ಕರ್ರಗ ಅಡ್ಡ ನಿಂತೈತಲ್ಲ, ಆ ಕಪಾಟು ಸ್ವಲ್ಪ ಸರಿಸಾಕ ಯಾರೂ ಇರಲಿಲ್ಲೇನ್ರಿ ಅಲ್ಲಿ?"