ವಾದದಲ್ಲಿ ಗೆದ್ದ ಕಾರು

ನಮ್ಮ ಕಾರಿನ ಬಗ್ಗೆ ಸಂಶಿಯಲ್ಲಿ ಎರಡು ಕಥೆಗಳು ಓಡಾಡುತ್ತಿವೆ. ಕಾರಿಗಿಂತ ಹೆಚ್ಚು ಓಡಾಡುತ್ತಿವೆ. ಒಂದು, ಅಣ್ಣಿಗೇರಿಯ ನಿವೃತ್ತ ಮಾಸ್ತರರೊಬ್ಬರು ನಮಗೆ ಮೋಸ ಮಾಡಿ ಕೆಟ್ಟ ಗಾಡಿಯನ್ನು ಕೊರಳಿಗೆ ಕಟ್ಟಿದರು ಎಂಬುದು. ಇನ್ನೊಂದು, ಪೂಜೆಯ ದಿನ ಗಾಲಿಗೆ ಲಿಂಬೆಹಣ್ಣು ಇಡಗೊಡದ ಸೊಸೆಯಿಂದ ಇಷ್ಟೆಲ್ಲ ಆಯಿತು ಎಂಬುದು. ಆ ಸೊಸೆ ನಾನೇ.

ಎರಡೂ ಕಥೆ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ನಾನು ಒಳಗೆ ಹೋದ ಮೇಲೆ ನನ್ನ ಗಂಡನ ಕಾಕಾ ನಾಲ್ಕೂ ಗಾಲಿಗೆ ಲಿಂಬೆಹಣ್ಣು ಇಟ್ಟು ತುಳಿಸಿದ್ದರು. ಅಂದರೆ ಪ್ರಯೋಗ ನಡೆದಿದೆ, ಫಲ ಬಂದಿಲ್ಲ. ಇನ್ನು ಮಾಸ್ತರರು. ಅವರಷ್ಟು ಸತ್ಯವಂತ ಮಾರಾಟಗಾರ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಆ ಸತ್ಯವೇ ನಮ್ಮನ್ನು ಹಾಳು ಮಾಡಿತು. ನಿಜವಾಗಿ ನಡೆದದ್ದು ಊರಿನ ಎರಡೂ ಕಥೆಗಳಿಗಿಂತ ಕೆಟ್ಟದ್ದು. ಅದಕ್ಕೇ ಯಾರಿಗೂ ಹೊಳೆದಿಲ್ಲ.

ನನ್ನ ಗಂಡ ಮಹಾಂತೇಶ ಕಲಘಟಗಿಯಾಚೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕ. ನಾನು ಸಂಶಿಯಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳುತ್ತೇನೆ. ಆ ಹಳ್ಳಿಯ ಸಂಜೆಯ ಬಸ್ಸು ಶಾಲೆಯ ಗಂಟೆ ಹೊಡೆಯುವ ಮೊದಲೇ ಹೊರಟುಬಿಡುತ್ತದೆ. ಹೀಗಾಗಿ ಅವನು ಅಲ್ಲೇ ಒಂದು ರೂಮು ಹಿಡಿದು ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಮದುವೆಯಾದಾಗಿನಿಂದ ನಾವು ವಾರದ ಕೊನೆಯ ಗಂಡ ಹೆಂಡತಿ. ನೆಟ್ಟಗೆ ಜಗಳವಾಡಲೂ ವೇಳೆ ಸಾಲುತ್ತಿರಲಿಲ್ಲ. ಶನಿವಾರ ಆರಂಭಿಸಿದ್ದು ಸೋಮವಾರದ ಬಸ್ಸಿಗೆ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ಹಳೆಯ ಸಣ್ಣ ಕಾರು ಇದ್ದರೆ ಅವನು ದಿನಾ ಸಂಜೆ ಮನೆಗೆ ಬರಬಹುದು. ನನಗೆ ಬೇಕಾಗಿದ್ದು ಇಷ್ಟೇ. ಕಾರಿನ ಹುಚ್ಚು ನಮ್ಮಿಬ್ಬರಿಗೂ ಇರಲಿಲ್ಲ.

ಅಣ್ಣಿಗೇರಿಯಲ್ಲಿ ಒಂದು ಗಾಡಿ ಇದೆ ಎಂದು ಸುದ್ದಿ ತಂದವರು ಮಹಾಂತೇಶನ ಕಾಕಾ. ಹರೆಯವನ್ನೆಲ್ಲ ದನದ ಸಂತೆಯಲ್ಲಿ ದಲ್ಲಾಳಿಯಾಗಿ ಕಳೆದವರು. ಬಸ್ಸಿನಲ್ಲಿ ಹೋಗುವಾಗ ಅವರು ನನಗೆ ತಮ್ಮ ಜೀವನದ ಸಾರವನ್ನು ಹೇಳಿದರು.

"ಶೈಲವ್ವಾ, ಮಾರಾಂವ ತನ್ನ ಎತ್ತನ್ನ ಹೊಗಳಿದನಂದ್ರ ಅದು ಕುಂಟ ಐತಿ ಅಂತ ತಿಳಕೋ. ಬ್ಯಾಡ್ರಿ, ಇದನ್ನ ಒಯ್ಯಬ್ಯಾಡ್ರಿ ಅಂದನಂದ್ರ ಅಗದಿ ಚಲೋ ಎತ್ತು. ಹಿಂದ ಬ್ಯಾರೆ ಗಿರಾಕಿ ಇರತಾನ."

ನಾನು ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಯವಳು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಗೆಲ್ಲುವುದು ಮೊದಲೇ ಗೊತ್ತಿರುತ್ತಿತ್ತು. ಯಾರ ಮಾತನ್ನೂ ಮೇಲ್ನೋಟಕ್ಕೆ ನಂಬಬಾರದು ಎಂಬುದು ನನ್ನ ಶಿಸ್ತು. ಕಾಕಾರ ಸೂತ್ರವೂ ಅದನ್ನೇ ಹೇಳುತ್ತಿತ್ತು. ವಿದ್ಯೆ ಮತ್ತು ಅನುಭವ ಹೀಗೆ ಒಂದೇ ಬಸ್ಸಿನಲ್ಲಿ ಅಣ್ಣಿಗೇರಿಗೆ ಹೊರಟವು.

ಕಾರು ಮಾಸ್ತರರ ಹಿತ್ತಲಿನ ಬೇವಿನ ಮರದ ಕೆಳಗಿತ್ತು. ಒಂದು ಕಾಲಕ್ಕೆ ಕೆಂಪಗಿದ್ದಿರಬೇಕು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಮಾಲಕಿಯಂತೆ ಕುಳಿತಿತ್ತು.

"ಇದನ್ನೇನ್ ನೋಡ್ತೀರಿ?" ಎಂದರು ಮಾಸ್ತರರು ನೊಂದ ಧ್ವನಿಯಲ್ಲಿ. "ಇದನ್ನ ಗುಜರಿಯವಗ ಕೊಡಾಂವ ಇದ್ದೀನಿ. ನಾಳೆ ಬಂದು ಒಯ್ತಾನ."

ಕಾಕಾ ನನ್ನತ್ತ ಹುಬ್ಬು ಹಾರಿಸಿದರು. ಬೇರೆ ಗಿರಾಕಿ! ಅವರು ಕಾರಿನ ಸುತ್ತ ತಿರುಗಿ, ಬಾನೆಟ್ಟಿನ ಮೇಲೆ ಎತ್ತಿನ ಬೆನ್ನಿಗೆ ಹೊಡೆದಂತೆ ಹೊಡೆದು, ಬಗ್ಗಿ ಟೈರು ನೋಡಿದರು. "ಮೇವು ಎಷ್ಟು ತಿಂತೈತ್ರಿ?" ಎಂದು ಕೇಳಿದರು.

ಮಾಸ್ತರರು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನೋಡವಾ ತಂಗಿ, ನಾ ಸುಳ್ಳು ಹೇಳೂದಿಲ್ಲ. ಮುಂಜಾನೆ ಇದು ಚಾಲೂ ಆಗೂದಿಲ್ಲ, ದಬ್ಬಬೇಕು. ಬ್ರೇಕ್ ತಡಾ ಮಾಡಿ ಹಿಡೀತದ. ಮಳಿ ಬಂತಂದ್ರ ಹೊರಗಿಂತ ಒಳಗ ಹೆಚ್ಚು ಬರ್ತದ."

"ಒಂದೊಂದಾಗಿ ತಗೊಳ್ಳೂಣ್ರಿ ಸರ್," ಎಂದೆ ನಾನು. "ಮುಂಜಾನೆ ಚಾಲೂ ಆಗೂದಿಲ್ಲ ಅಂತೀರಿ. ಹಂಗಾದ್ರ ನೀವು ಶಾಲಿಗೆ ಹೆಂಗ ಹೋಗ್ತಿದ್ರಿ?"

"ಸೈಕಲ್ ಮ್ಯಾಲ."

"ಅಂದ್ರ ಕಾರು ಹೆಚ್ಚಿಗಿ ಓಡೇ ಇಲ್ಲ ಅಂತಾತು. ದಬ್ಬಿದ ಮ್ಯಾಲ ಚಾಲೂ ಆಗತೈತೋ ಇಲ್ಲೋ?"

"ಆಗ್ತದ."

"ಅಂದ್ರ ಇಂಜಿನ್ ಚಲೋ ಐತಿ. ಬ್ರೇಕ್ ತಡಾ ಆದ್ರೂ ಹಿಡೀತೈತಿ ಅಂತ ನೀವ ಒಪ್ಪೀರಿ. ಇನ್ನ ಮಳಿ. ನಮ್ಮ ಕಡೆ ಮಳಿ ಎಲ್ಲಿ ಐತ್ರಿ ಸರ್?"

ಅಡುಗೆ ಮನೆಯಿಂದ ಮಾಸ್ತರರ ಹೆಂಡತಿ, "ಕೊಟ್ಟ ಬಿಡ್ರಿ. ಆಕಿ ಬಿಡೂಹಂಗ ಕಾಣ್ಸೂದಿಲ್ಲ" ಎಂದರು.

ನಾನು ಮಹಾಂತೇಶನನ್ನು ನೋಡಿದೆ. ಅವನು ಕೋಳಿಯನ್ನು ನೋಡುತ್ತಿದ್ದ. "ನೀ ಹೆಂಗ ಅಂತಿ ಹಂಗ," ಎಂದ.

ವ್ಯಾಪಾರವೂ ಸಂತೆಯ ಪದ್ಧತಿಯಲ್ಲೇ ಆಯಿತು. ಕಾಕಾ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಾಸ್ತರರ ಕೈಮೇಲೆ ಹೊದಿಸಿ, ಅದರೊಳಗೆ ಬೆರಳು ಒತ್ತಿ ದರ ಹೇಳತೊಡಗಿದರು. ದನದ ದಲ್ಲಾಳಿಗಳಿಗೆ ಮಾತ್ರ ತಿಳಿಯುವ ಭಾಷೆ ಅದು. ಮಾಸ್ತರರಿಗೆ ತಿಳಿಯಲಿಲ್ಲ. ಹಿರಿಯರು ಕೈಹಿಡಿದು ಸಮಾಧಾನ ಹೇಳುತ್ತಿದ್ದಾರೆಂದುಕೊಂಡು ಅವರೂ ಪ್ರೀತಿಯಿಂದ ಒತ್ತಿದರು. "ಬಿಗಿ ಅದಾನ," ಎಂದು ಕಾಕಾ ನನ್ನ ಕಿವಿಯಲ್ಲಿ ಉಸುರಿ ದರ ಏರಿಸಿದರು. ಮಾಸ್ತರರು ಇನ್ನೂ ಪ್ರೀತಿಯಿಂದ ಒತ್ತಿದರು. ಹೀಗೆ, ಗುಜರಿಗೆ ಹೋಗಬೇಕಾದ ಗಾಡಿಗೆ ನಮ್ಮಷ್ಟಕ್ಕೆ ನಾವೇ ದರ ಏರಿಸಿಕೊಂಡು, ಗೆದ್ದ ಮುಖ ಮಾಡಿಕೊಂಡು ಮನೆಗೆ ಬಂದೆವು. ಹೊರಡುವಾಗ ದಬ್ಬಿದವರಲ್ಲಿ ಮಾಸ್ತರರೂ ಇದ್ದರು. ದಬ್ಬುತ್ತಲೇ, "ಇನ್ನೂ ವಿಚಾರ ಮಾಡ್ರಿ" ಎನ್ನುತ್ತಿದ್ದರು.

ಮುಂದಿನ ವಾರ ಮಹಾಂತೇಶ ಅದೇ ಕಾರಿನಲ್ಲಿ ಗಾದಿ, ಒಲೆ, ಬಕೀಟು ಹೇರಿಕೊಂಡು ರೂಮಿನಿಂದ ಬಂದಿಳಿದ. "ಸಾಮಾನೆಲ್ಲಾ ತಂದೆ," ಎಂದ. ಅವತ್ತು ನಾನು ಹಬ್ಬದಂತೆ ಗೋಧಿ ಹುಗ್ಗಿ ಮಾಡಿದೆ.

ಕಷ್ಟ ಮರುದಿನ ಮುಂಜಾನೆಯೇ ತಿಳಿಯಿತು. ದಬ್ಬಿ ಚಾಲೂ ಮಾಡುವ ಗಾಡಿಗೆ ಇಳಿಜಾರು ಬೇಕು. ನಮ್ಮದು ಎರೆಭೂಮಿ, ರೊಟ್ಟಿ ಬಡಿದಂತೆ ಸಪಾಟು. ಒಂದು ಗೋಲಿಗುಂಡು ಇಟ್ಟರೂ ಇಟ್ಟಲ್ಲೇ ಇರುತ್ತದೆ. ಊರಿನಲ್ಲಿದ್ದ ಒಂದೇ ಎತ್ತರ ಎಂದರೆ ಕೆರೆಯ ಏರಿ. ಹಾಗಾಗಿ ಕಾರು ರಾತ್ರಿಯೆಲ್ಲ ಏರಿಯ ಮೇಲೆ ಕಲ್ಲಿಗೆ ಒರಗಿ ನಿಲ್ಲತೊಡಗಿತು. ಮಹಾಂತೇಶ ದಿನಾ ಮುಂಜಾನೆ ಊಟದ ಡಬ್ಬಿ ಹಿಡಿದು ಕೆರೆಗೆ ನಡೆಯುತ್ತಿದ್ದ. ಕೆರೆಗೆ ಹೋಗುವ ಬೇರೆಯವರ ಕೈಯಲ್ಲೂ ಒಂದೊಂದು ಡಬ್ಬಿ ಇರುತ್ತಿತ್ತು, ಬೇರೆ ಕಾರಣಕ್ಕೆ.

ಅರಿವೆ ಒಗೆಯುವ ಹೆಂಗಸರು, "ಏನ್ರಿ ಮಾಸ್ತರ, ಇವತ್ತರ ಏಳತೈತೇನ್ರಿ ನಿಮ್ಮ ಗಾಡಿ?" ಎಂದು ಕೇಳುತ್ತಿದ್ದರು.

"ನೋಡಬೇಕ್ರಿ," ಎನ್ನುತ್ತಿದ್ದ ಅವನು.

ಕಲಘಟಗಿಯ ಕಡೆ ಏರು ಇಳಿವು ಬೇಕಾದಷ್ಟಿವೆ. ಅಲ್ಲಿ ಕಾರು ಒಂದು ದಿನವೂ ಕೈಕೊಡಲಿಲ್ಲ. ಸಂಜೆ ಗುಡುಗುಡು ಎಂದು ಮನೆಗೆ ಬರುವುದು, ಮುಂಜಾನೆ ಮುನಿಸಿಕೊಳ್ಳುವುದು. "ಇದಕ್ಕ ಆ ಸೀಮಿ ಹಿಡಿಸೇತಿ," ಎಂದ ಮಹಾಂತೇಶ ಒಂದು ದಿನ. ನಾನು ಅದನ್ನು ಹಾಸ್ಯ ಎಂದುಕೊಂಡೆ.

ನಾನು ಗ್ಯಾರೇಜಿನ ದಾದಾಪೀರ ಮಿಸ್ತ್ರಿಯನ್ನು ಕರೆಸಿದೆ. ಅವನು ಬಾನೆಟ್ಟು ಎತ್ತಿ, ತಲೆ ಕೆರೆದು, "ಇಂಜಿನ್ ಬಿಚ್ಚಬೇಕಾಗತೈತ್ರಿ ಅಕ್ಕಾರ," ಎಂದ.

"ಕೆಟ್ಟಿದ್ದು ಇಂಜಿನ್ನೇ ಅಂತ ಹೆಂಗ ಹೇಳ್ತೀರಿ?"

"ಬಿಚ್ಚಿದ್ರ ಗೊತ್ತಾಗತೈತ್ರಿ."

"ಗೊತ್ತಾಗಲಾರದನ ಬಿಚ್ಚೂದು ಹೆಂಗ? ದಬ್ಬಿದ್ರ ಚಾಲೂ ಆಗತೈತಿ. ಆದ ಮ್ಯಾಲ ಕಲಘಟಗಿತನಕ ಹೋಗತೈತಿ. ಹಂಗಾದ್ರ ಇಂಜಿನ್ನಿಂದು ಏನ್ ತಪ್ಪು?"

ದಾದಾಪೀರ ಸ್ಪ್ಯಾನರು ಕೆಳಗಿಟ್ಟ. "ನಿಮ್ಮ ಮಾತು ಖರೆ ಐತ್ರಿ. ಕೇಳಿ ಕೇಳಿ ನನಗೂ ಇಂಜಿನ್ ಚಲೋ ಐತಿ ಅನ್ಸಾಕತ್ತೈತಿ. ಆದ್ರ ಇಂಜಿನ್ನಿಗೂ ಅನ್ನಿಸಬೇಕಲ್ರಿ?"

ವಾದದಲ್ಲಿ ಸೋತ ಅವನು ಬಾನೆಟ್ಟು ಮುಚ್ಚಿದ. ಹೋಗುವ ಮುಂಚೆ ಡ್ರೈವರ್ ಬಾಗಿಲಿನ ಒಳಹಿಡಿಕೆಯನ್ನಾದರೂ ಬಿಗಿ ಮಾಡುತ್ತೇನೆಂದು ಎಳೆದ. ಅದು ಅವನ ಕೈಗೇ ಬಂತು. ಅಂದಿನಿಂದ ಆ ಬಾಗಿಲನ್ನು ಹೊರಗಿನಿಂದ ಯಾರಾದರೂ ತೆಗೆಯಬೇಕು. ಉಳಿದವು ಮೊದಲಿನಿಂದಲೂ ಒಳಗಿನಿಂದ ತೆರೆಯುತ್ತಿರಲಿಲ್ಲ. ಮಹಾಂತೇಶ ಶಾಲೆ ಮುಟ್ಟಿದ ಮೇಲೂ ಯಾರಾದರೂ ದಾರಿಹೋಕರು ಬರುವತನಕ ಕಾರಿನಲ್ಲೇ ಕೂತಿರುತ್ತಿದ್ದ.

ಹೀಗೆ ತಡವಾಗಿ ತಡವಾಗಿ ಅವನ ಹೆಡ್‌ಮಾಸ್ತರರು ಬೇಸತ್ತರು. ಇನ್ನೊಮ್ಮೆ ಪ್ರಾರ್ಥನೆ ತಪ್ಪಿದರೆ ಮೇಲಿನವರಿಗೆ ಬರೆಯುತ್ತೇನೆ ಎಂದರಂತೆ. ಊಟದ ಹೊತ್ತಿಗೆ ಮಹಾಂತೇಶ ರೊಟ್ಟಿ ಮುರಿಯುತ್ತ ಮೆಲ್ಲಗೆ, "ಮತ್ತ ಅಲ್ಲೇ ಇದ್ರ ಹೆಂಗ ಅಂತ..." ಎಂದ.

"ಸಾಧ್ಯ ಇಲ್ರಿ," ಎಂದೆ. "ತಪ್ಪು ಕಾರಿಂದಲ್ಲ, ದಬ್ಬೂ ಪದ್ಧತೀದು. ಶಕ್ತಿ ಇರೂ ನೀವು ಒಳಗ ಕೂಡ್ತೀರಿ. ವಯಸ್ಸಾದ ಕಾಕಾ ದಬ್ಬತಾರ. ಇದರಾಗ ಯಾವ ನ್ಯಾಯ ಐತಿ? ನಾಳೆ ನೀವು ದಬ್ರಿ, ನಾ ಸ್ಟೇರಿಂಗ್ ಹಿಡೀತೇನಿ."

ತರ್ಕ ನಿರ್ದೋಷವಾಗಿತ್ತು. ನನಗೆ ಡ್ರೈವಿಂಗೂ ಬರುತ್ತಿತ್ತು, ಲೈಸೆನ್ಸಿನ ಪ್ರಕಾರ. ಮಹಾಂತೇಶ ಎಂದಿನಂತೆ, "ನೀ ಹೆಂಗ ಅಂತಿ ಹಂಗ," ಎಂದ.

ಆ ರಾತ್ರಿ ಮಳೆಯಾಯಿತು. ನಮ್ಮ ಕಡೆ ಇಲ್ಲ ಎಂದು ನಾನು ಅಣ್ಣಿಗೇರಿಯಲ್ಲಿ ಸಾಧಿಸಿ ತೋರಿಸಿದ್ದ ಅದೇ ಮಳೆ.

ಬೆಳಿಗ್ಗೆ ಏರಿಯ ಮಣ್ಣು ಬೆಣ್ಣೆಯಾಗಿತ್ತು. ಸೀಟಿನಲ್ಲಿ ನೀರು ನಿಂತಿತ್ತು. ನೀರಿನ ಮೇಲೆಯೇ ಕುಳಿತೆ. ಮಹಾಂತೇಶ, ಕಾಕಾ ಇಬ್ಬರೂ ಹಿಂದೆ ನಿಂತು ದಬ್ಬಿದರು. ಕಾರು ಹೊರಟಿತು, ಕೆಮ್ಮಿತು, ಅರ್ಧ ಇಳಿಜಾರಿನಲ್ಲಿ ಗರ್ ಎಂದು ಚಾಲೂ ಆಯಿತು. ಒಗೆಯುವ ಹೆಂಗಸರತ್ತ ಹೆಮ್ಮೆಯಿಂದ ನೋಡಿದೆ. ನೋಡುವಷ್ಟರಲ್ಲಿ ತಿರುವು ಬಂತು. ಬ್ರೇಕ್ ಒತ್ತಿದೆ. ಅದು ಹಿಡಿಯಿತು, ಅಣ್ಣಿಗೇರಿಯ ಮಾಸ್ತರರು ಹೇಳಿದಂತೆಯೇ ತಡ ಮಾಡಿ. ಅಷ್ಟರಲ್ಲಿ ನಾನು ಮತ್ತು ಕಾರು ಏರಿಯ ಕೆಳಗಿನ ಹೆಸರುಕಾಳಿನ ಹೊಲದ ನಡುವೆ ಇದ್ದೆವು. ಎರೆಮಣ್ಣು ಗಾಲಿಗಳನ್ನು ಸಾವಕಾಶವಾಗಿ ನುಂಗಿತು. ಇಂಜಿನ್ನು ಒಂದು ನಿಟ್ಟುಸಿರು ಬಿಟ್ಟು ನಿಂತಿತು.

ಬಾಗಿಲಿಗೆ ಒಳಹಿಡಿಕೆ ಇಲ್ಲ. ಗಾಜು ಇಳಿಯುವುದಿಲ್ಲ. ಆಚೆಯ ಬಾಗಿಲಿಗೆ ಮಣ್ಣಿನ ಒಡ್ಡು ಒತ್ತಿತ್ತು. ಹೊಲದ ಬದುವಿನ ಮೇಲೆ ಅರ್ಧ ಊರು ಸೇರಿ ಚರ್ಚೆ ಆರಂಭಿಸಿತು. ಟ್ರ್ಯಾಕ್ಟರ್ ತರಬೇಕು ಎಂಬುದು ಒಂದು ಪಕ್ಷ. ಟ್ರ್ಯಾಕ್ಟರೂ ಹುಗಿಯುತ್ತದೆ, ಎತ್ತೇ ಬೇಕು ಎಂಬುದು ಇನ್ನೊಂದು. ಎರಡೂ ಪಕ್ಷದ ವಾದದಲ್ಲಿ ತೂತುಗಳಿದ್ದವು. ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಗಾಜಿನೊಳಗೆ ಕುಳಿತು ಕೂಗಿ ಕೂಗಿ ಹೇಳಿದೆ. ಯಾರಿಗೂ ಕೇಳಲಿಲ್ಲ. ಒಬ್ಬಾಕೆ ನನಗೆ ನೀರಡಿಕೆಯಾಗಿದೆ ಎಂದುಕೊಂಡು ತಂಬಿಗೆ ಎತ್ತಿ ತೋರಿಸಿದಳು. ಕೊನೆಗೆ ನನ್ನ ನೆರವಿಲ್ಲದೆಯೇ ಎತ್ತಿನ ಪಕ್ಷ ಗೆದ್ದು ಕಾಕಾ ಎತ್ತು ತರಲು ಹೋದರು.

ಮಹಾಂತೇಶ ಮೊಣಕಾಲುದ್ದ ಕೆಸರಿನಲ್ಲಿ ಬಂದು ಹೊರಗಿನಿಂದ ಬಾಗಿಲು ತೆಗೆದ. ಅವನ ಶಾಲೆಯಲ್ಲಿ ಅಷ್ಟು ಹೊತ್ತಿಗೆ ಪ್ರಾರ್ಥನೆ ಮುಗಿದಿರಬೇಕು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಲೋ ಇತ್ತು, ಸಿಟ್ಟಿಗೆ ಉತ್ತರ ಕೊಡಲು ನನಗೆ ಬರುತ್ತದೆ.

"ಕೀಲಿಕೈ ತಗದು ಕೊಡು," ಎಂದ.

ಅವನ ಗೊಂಚಲನ್ನು ನಾನು ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಕಾರಿನದೊಂದು, ಮನೆಯದೊಂದು. ಅವುಗಳ ನಡುವೆ ಸಣ್ಣದೊಂದು ಹಿತ್ತಾಳೆಯದು, ದಿನಾ ಬಳಸಿದಂತೆ ನುಣ್ಣಗಿತ್ತು.

"ಇದು ಯಾತರ್ದ್ರಿ?"

"ರೂಮಿಂದು."

"ರೂಮು ಬಿಟ್ಟೇನಿ ಅಂದಿದ್ರಲ್ಲ?"

"ಸಾಮಾನು ತಂದೇನಿ ಅಂದಿದ್ದೆ."

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಸುಮ್ಮನಾದರೆ ಅಂಕ ನಮಗೆ. ಮದುವೆಯಾದ ಮೇಲೂ ಅದೇ ನಿಯಮದಲ್ಲಿ ಅಂಕ ಹಾಕಿಕೊಳ್ಳುತ್ತ ಬಂದಿದ್ದೆ. ಅವನ ಒಂದೊಂದು "ನೀ ಹೆಂಗ ಅಂತಿ ಹಂಗ"ಕ್ಕೂ ಒಂದೊಂದು ಗೆಲುವು. ಅಷ್ಟೊಂದು ಗೆಲುವುಗಳ ನಡುವೆ ಈ ಮನುಷ್ಯ ಸದ್ದಿಲ್ಲದೆ ಬಾಡಿಗೆ ಕಟ್ಟುತ್ತ ಒಂದು ಖಾಲಿ ರೂಮು ಇಟ್ಟುಕೊಂಡಿದ್ದ.

ದೂರದಲ್ಲಿ ಕಾಕಾ ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಜನ ಆ ಕಡೆ ತಿರುಗಿದರು. ನಾನು ಕೆಸರಿಗೆ ಒಂದು ಕಾಲು ಇಳಿಬಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿದೆ.

"ಖರೆ ಹೇಳ್ರಿ. ನಿಮಗ ನಂಬಿಕಿ ಇರಲಾರದ್ದು ಈ ಕಾರಿನ ಮ್ಯಾಲೋ, ನನ್ನ ಮ್ಯಾಲೋ?"