ಒಬ್ಬರೇ ಇರಬೇಕು

ಒಬ್ಬರನ್ನು ಹುಡುಕಿಕೊಂಡು ಹೋದಲ್ಲಿ ಹತ್ತು ಮಂದಿ ಎದುರಾಗುವುದು ನನ್ನ ಉದ್ಯೋಗದಲ್ಲಿ ಹೊಸದೇನಲ್ಲ. ಹೋದ ವಾರವೂ ಆಯಿತು, ಬರುವ ವಾರವೂ ಆದೀತು.

ಉದ್ಯೋಗವೇನೆಂಬುದನ್ನು ಮೊದಲು ತಿಳಿಸಬೇಕು. ಫೋನು ಮತ್ತು ಅದರೊಳಗಿನ ಆ್ಯಪ್‌ಗಳನ್ನು ತಯಾರಿಸುವ ಒಂದು ಕಂಪನಿಗೆ, ಸಾಮಾನ್ಯ ಜನರು ಅವುಗಳನ್ನು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕಾಗುತ್ತದೆ. ಅದಕ್ಕಾಗಿ ಬೆಂಗಳೂರಿನಿಂದ ಒಬ್ಬ ಮೇಡಂ ಬರುತ್ತಾರೆ. ಬೆಳಗಾವಿ, ಖಾನಾಪುರಗಳಲ್ಲಿ ತಕ್ಕ ಮನೆಗಳನ್ನು ಹುಡುಕಿ, ಅವರನ್ನು ಕರೆದೊಯ್ದು, ಕನ್ನಡದಲ್ಲೋ ಮರಾಠಿಯಲ್ಲೋ ಪ್ರಶ್ನೆ ಕೇಳುವವಳು ನಾನು; ಇಲ್ಲಿಯ ರೂಢಿಯಂತೆ ಜನ ನನ್ನನ್ನು ಮರ್ಯಾದೆಯಿಂದ ‘ಬಾಯಿಯವರು’, ‘ಬಾಯಾರು’ ಎನ್ನುತ್ತಾರೆ. ಹಿಂದೆ ಬಟ್ಟೆ ತೊಳೆಯುವ ಪುಡಿಯ ಬಗ್ಗೆ ಮನೆಮನೆಗೆ ಹೋಗಿ ಕೇಳುತ್ತಿದ್ದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳನ್ನು ಆ ದಾರಿಯೇ ಇಲ್ಲಿಗೆ ತಂದಿತು.

ಈ ಕೆಲಸಕ್ಕೆ ಎರಡು ನಿಯಮಗಳಿವೆ. ಫೋನು ಹಿಡಿದವರು ಒಬ್ಬರೇ ಇರಬೇಕು, ಪಕ್ಕದಲ್ಲಿ ಹೇಳಿಕೊಡುವವರು ಇರಬಾರದು. ಅವರು “ಇದು ಬರೋಬರಿ ಐತೇನ್ರಿ?” ಎಂದು ಕೇಳಿದರೆ ನಾವು ಉತ್ತರ ಹೇಳದೆ “ನಿಮಗೇನನ್ನಿಸುತ್ತದೆ?” ಎಂದು ಮರಳಿ ಕೇಳಬೇಕು. ಹೀಗೆ ದಿನವೆಲ್ಲ ಪರರಿಗೆ ಅನ್ನಿಸಿದ್ದನ್ನು ಕೇಳಿ, ಸಂಜೆ ಸಾಲುಮನೆಗಳ ಚಾಳಿನಲ್ಲಿರುವ ನನ್ನ ಕೋಣೆಯ ಬೀಗ ತೆಗೆದರೆ, ನನಗೇನನ್ನಿಸುತ್ತದೆಂದು ಕೇಳುವವರು ಒಳಗೆ ಯಾರೂ ಇಲ್ಲ. ಈ ಸಂಗತಿ ಯಾರ ಬಾಯಿಗೂ ಬೀಳದಂತೆ ಬಹಳ ಎಚ್ಚರದಿಂದ ಬಾಳಿಕೊಂಡು ಬಂದಿದ್ದೆ.

ಕೆಮ್ಮು

ಖಾನಾಪುರದ ಕಡೆಯ ಬೀಡಿ ಎಂಬ ಊರಿನಲ್ಲಿ ಒಂದು ಒಕ್ಕಲುತನದ ಮನೆ. ಸೊಸೆಯ ಕೈಗೆ ಫೋನು ಕೊಟ್ಟು, ಫೋಟೋ ಒಂದನ್ನು ಯಾರಿಗಾದರೂ ಕಳುಹಿಸಲು ಹೇಳಿ, ಉಳಿದವರು ದಯಮಾಡಿ ಹೊರಗಿರಬೇಕೆಂದು ವಿನಂತಿಸಿಕೊಂಡೆ. ಅತ್ತೆ ಏಳಲಿಲ್ಲ.

“ಮನಿಮಂದೀನೆಲ್ಲಾ ಹೊರಗ ಹಾಕಿ ಒಬ್ಬಾಕಿನ್ನ ಕುಂದರಿಸಿ ಕೇಳಾಕ, ಆಕಿ ಏನ್ ಕಳವು ಮಾಡ್ಯಾಳೇನ್ರಿ?”

“ಹಂಗಲ್ರಿ ಯಮ್ಮಾ. ಆಕೀಗೆ ಯಾರೂ ಹೇಳಿಕೊಡಬಾರದು.”

“ನಾ ಯಾಕ ಹೇಳಿಕೊಡ್ಲಿ? ಬಾಯಿ ಬಿಡೂದಿಲ್ಲ ತಗೋ.”

ಬಾಯಿ ಬಿಡಲಿಲ್ಲ, ನಿಜ. ಆದರೆ ಸೊಸೆಯ ಬೆರಳು ತಪ್ಪು ಗುಂಡಿಯತ್ತ ಸರಿದಾಗಲೆಲ್ಲ ಅತ್ತೆಗೆ ಕೆಮ್ಮು ಬಂತು. ಕೆಮ್ಮಿದೊಡನೆ ಬೆರಳು ಪಕ್ಕಕ್ಕೆ ಸರಿಯುತ್ತಿತ್ತು. ಆ ಮನೆಯ ಫೋನು ಸದಾ ಅತ್ತೆಯ ಸೊಂಟದಲ್ಲೇ ಇರುತ್ತದೆಂದು ನನಗೆ ಆಮೇಲೆ ತಿಳಿಯಿತು. ಪರದೆಯನ್ನಷ್ಟೇ ನೋಡುತ್ತಿದ್ದ ಮೇಡಂ, ಯಾರೂ ಹೇಳಿಕೊಡದೆಯೇ ಜನ ತಮ್ಮ ತಪ್ಪು ತಿದ್ದಿಕೊಳ್ಳುವಷ್ಟು ಈ ಹೊಸ ಪರದೆ ಸ್ಪಷ್ಟವಾಗಿದೆಯೆಂದು ಬಹಳ ಸಂತೋಷಪಟ್ಟರು. ಆ ಫೋನನ್ನು ಮಾರುವಾಗ ಜೊತೆಗೆ ಒಬ್ಬೊಬ್ಬ ಅತ್ತೆಯನ್ನೂ ಕೊಡಬೇಕಾಗುತ್ತದೆ ಎಂದು ಹೇಳಲು ನನಗೆ ಸಂಕೋಚವಾಯಿತು.

ಮನಸ್ಸಿನಲ್ಲಿ ಬಂದದ್ದು

ಕೆಲವೊಮ್ಮೆ, ಫೋನು ಒತ್ತುತ್ತ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕೆಂದು ಜನರನ್ನು ಕೇಳಿಕೊಳ್ಳುತ್ತೇವೆ. ಆಟೋ ನಗರದ ಗ್ಯಾರೇಜಿನ ವಯಸ್ಸಾದ ಮಿಸ್ತ್ರಿಯೊಬ್ಬರಿಗೂ ಹಾಗೆಯೇ ಹೇಳಿದೆ.

“ಬಂದಿದ್ದೆಲ್ಲಾ ಹೇಳಬೇಕೇನ್ರಿ?”

“ಎಲ್ಲಾ ಹೇಳ್ರಿ.”

ಅವರು ಕೈ ಒರೆಸಿಕೊಂಡು, ಫೋನು ಹಿಡಿದು, ಶುರು ಮಾಡಿದರು. “ಲಾರಿಯಾಂವ ಬಂದು ಒದರಾಡಿದ್ರ ಏನ್ ಹೇಳ್ಲಿ ಅನ್ನಾಕತ್ತೈತಿ ಮನಸ್ಸು. ಈ ಮೇಡಂ ಬರೆಯೂದಷ್ಟ ಮಾಡ್ತಾರ, ಒಂದ್ ನಟ್ ಬಿಗೀರಿ ಅಂದ್ರ ಬಿಗೀತಾರೇನು ಅನ್ನಾಕತ್ತೈತಿ. ಈ ಬಾಯಾರು ಬಿಸಲಾಗ ಹಿಂಗ ತಿರಗತಾರ, ಮನ್ಯಾಗ ‘ಉಂಡ್ಯೇನು’ ಅಂತ ಕೇಳಾವ್ರು ಯಾರೂ ಇಲ್ಲೇನೋ ಅನ್ನಾಕತ್ತೈತಿ.”

ಬರೆಯುತ್ತಿದ್ದ ಮೇಡಂ ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡುತ್ತ, “ಆ್ಯಪಿನ ಬಗ್ಗೆ ಹೇಳ್ರಿ ಚಾಚಾ,” ಎಂದೆ.

“ಅದರ ಬಗ್ಗೆ ಇನ್ನೂ ಏನೂ ಬಂದಿಲ್ರಿ ಮನಸಿನ್ಯಾಗ.”

ಹುಡುಗ ಹೇಗಿದ್ದಾನೆ

ಖಾನಾಪುರದಲ್ಲಿ ನನಗೆ ತಂಗಿ ವರಸೆಯವಳೊಬ್ಬಳಿದ್ದಾಳೆ. ಅವಳ ಮಗಳನ್ನು ನೋಡಲು ಗಂಡಿನವರು ಬಂದು ಹೋದ ಮೇಲೆ ಎಲ್ಲರೂ ಚಹಾ ಕುಡಿಯುತ್ತ ಕುಳಿತಿದ್ದೆವು. ತಂಗಿ ಕೇಳಿದಳು, “ಅಕ್ಕಾ, ಹುಡುಗ ಹ್ಯಾಂಗದಾನ?”

ನನ್ನನ್ನು ಯಾರಾದರೂ ಏನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಹುಡುಗ ಚಲೋ ಇದ್ದ, ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ರೂಢಿಯ ಬಲ ದೊಡ್ಡದು, ಹೊರಗೆ ಬಂದದ್ದು, “ನಿಮಗೇನನ್ನಿಸುತ್ತದೆ?”

ಎಲ್ಲರ ಕೈಯ ಚಹಾದ ಬಸಿಗಳು ಕೆಳಗಿಳಿದವು. “ಅಂದ್ರ ನಿನಗೇನೋ ಗೊತ್ತೈತಿ,” ಎಂದ ತಂಗಿಯ ಗಂಡ. ಇಲ್ಲವೆಂದರೂ ಕೇಳಲಿಲ್ಲ. ಹುಡುಗನ ಓಣಿ, ಶಾಲೆ, ಆಫೀಸು ಎಲ್ಲ ಕಡೆ ವಿಚಾರಿಸಿ, ಏನೂ ಸಿಗದೆ, ಕಡೆಗೆ ಮದುವೆ ಮಾಡಿದರು. ದಂಪತಿಗಳು ಸುಖವಾಗಿದ್ದಾರೆ. ಆ ಮನೆಯಲ್ಲಿ ನನಗೆ ಈಗಲೂ ಮರ್ಯಾದೆಯಿದೆ, ಊಟಕ್ಕೆ ಬಡಿಸುವಾಗ ಮಾತ್ರ ತಂಗಿ ತನ್ನ ಮಗನ ಹೆಂಡತಿಯನ್ನು ಎಚ್ಚರಿಸುತ್ತಾಳೆ, “ಆಕೀಗೆ ಏನೂ ಕೇಳಬ್ಯಾಡ, ಸುಮ್ನ ಹಾಕು. ಕೇಳಿದ್ರ ತಿರುಗಿ ಕೇಳ್ತಾಳ.”

ಒಂದೇ ಸೀಟಿ

ಇದು ನನ್ನ ಕೋಣೆಯಲ್ಲೇ ನಡೆದದ್ದು. ಒಂಟಿಯಾಗಿ ವಾಸಿಸುವ ಹೆಂಗಸು ಸಂಜೆಯ ಹೊತ್ತು ಫೋನನ್ನು ಹೇಗೆ ಬಳಸುತ್ತಾಳೆಂದು ಕಂಪನಿಗೆ ತಿಳಿಯಬೇಕಾಗಿತ್ತು. ನಾನು ಊರೆಲ್ಲ ಹುಡುಕಿದೆ. ಒಂಟಿಯೆಂದು ಕೇಳಿ ಹೋದ ವಿಧವೆಯ ಮನೆಯಲ್ಲಿ ನಾದಿನಿಯರಿದ್ದರು. ನಿವೃತ್ತ ನರ್ಸಿನ ಮನೆಯಲ್ಲಿ ಬಾಡಿಗೆಯವರ ಮಕ್ಕಳೆಲ್ಲ ಕುಳಿತು ಉಣ್ಣುತ್ತಿದ್ದರು. ನನ್ನ ಪರದಾಟ ನೋಡಿ ಆಟೋದವನು, “ಒಬ್ಬೊಬ್ಬರನ್ನ ಬ್ಯಾರೆ ಇಡೂದು ಹಿಂಡಲಗಾ ಜೇಲಿನ್ಯಾಗ ಅಷ್ಟರಿ. ಅಲ್ಲಿ ಬಿಡ್ಲೇನು?” ಎಂದ.

ಬರಿಗೈಯಲ್ಲಿ ಮರಳಿದಾಗ ಮೇಡಂ ಮೆಲ್ಲಗೆ ಕೇಳಿದರು, “ಬಾಯಿಯವರೇ, ನೀವು?”

ಇಷ್ಟು ದಿನ ಮುಚ್ಚಿಟ್ಟದ್ದು ಅಷ್ಟು ಸುಲಭವಾಗಿ ಹೊರಬಿತ್ತು. ತಲೆಯಾಡಿಸಿದೆ.

ಮರುದಿನ ಸಂಜೆ ಚಾಳಿನ ಮುಂದೆ ಮೇಡಂ ಅವರ ಕಾರು ನಿಂತಿತು. ಅವರು ಚಾಪೆಯ ಮೇಲೆ ಕುಳಿತು ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಬಾಜೂ ಮನೆಯ, ನಾನು ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುವ ಹೆಂಗಸು ಚಹಾ ಹಿಡಿದು ಒಳಗೆ ಬಂದಳು. ಅವಳ ಹಿಂದೆ ಚಾಳಿನ ಉಳಿದ ಹೆಂಗಸರು.

“ಇವರ ಮನಿಗೆ ಯಾರೂ ಬರೂದಿಲ್ರಿ. ಕಾರ್ ನಿಂತಿದ್ದ ನೋಡಿ ಏನರ ಆತೇನೋ ಅಂತ ಎದಿ ಧಸಕ್ಕಂತು.”

ಮೇಡಂ ನಯವಾಗಿ ತಿಳಿಸಿದರು, “ಬಾಯಿಯವರು ಒಬ್ಬರೇ ಇರಬೇಕು.”

“ಒಬ್ಬರ ಇರ್ತಾರ್ರಿ ಅವರು. ನಾವಷ್ಟ ಅದೇವಿ,” ಎಂದು ವೈನಿ ಕುಳಿತಳು.

ಮೇಡಂ ನನ್ನತ್ತ ತಿರುಗಿ, ಸಂಜೆ ಫೋನಿನಲ್ಲಿ ಯಾರೊಂದಿಗೆ ಮಾತನಾಡುತ್ತೀರೆಂದು ಕೇಳಿದರು.

“ಯಾರ ಜೋಡೀನೂ ಇಲ್ರಿ,” ವೈನಿಯೇ ಹೇಳಿದಳು. “ನಮ್ಮಿಬ್ಬರದೂ ಒಂದ ಗ್ವಾಡಿ, ಇವರು ಸೀನಿದ್ರೂ ನನಗ ಕೇಳಸ್ತದ. ಬರ್ತಾರ, ಕುಕ್ಕರ್ ಇಡ್ತಾರ, ಒಂದ ಸೀಟಿ ಆಗ್ತದ, ಆಮ್ಯಾಲ ಸಪ್ಪಳಿಲ್ಲ. ಇವರ ಸೀಟಿ ಆತಂದ್ರ ನಾ ನಮ್ಮ ಅಕ್ಕಿ ಇಡೂದು. ನಮ್ಮನಿ ಗಡಿಯಾರ ಯಾವಾಗ ಕೆಟ್ಟೈತೋ.”

ಮೇಡಂ ಚಹಾ ಮುಗಿಸಿ ಎದ್ದರು. “ಇದನ್ನು ಒಂಟಿ ಮನೆಯೆಂದು ಬರೆಯಲಾಗುವುದಿಲ್ಲ,” ಎಂದರು.

ಯಾರಿಗೂ ತಿಳಿಯಬಾರದೆಂದು ಬಾಳಿದ್ದವಳು, ಆ ಹೊತ್ತಿಗೆ ಎಲ್ಲರ ಮುಂದೆ ವಾದಕ್ಕೆ ನಿಂತೆ. “ಖರೇನ ಒಬ್ಬಾಕೀನ ಅದೇನ್ರಿ. ಬೇಕಾದ್ರ ಯಾರನ್ನರ ಕೇಳ್ರಿ.”

“ಹಂಗಾರ ನಾವೇನ್ ಸತ್ತೇವೇನ್ರಿ?” ಎಂದಳು ವೈನಿ.

ನನ್ನಷ್ಟು ಅರ್ಹಳಾದವಳು ಜಿಲ್ಲೆಯಲ್ಲೇ ಇರಲಿಲ್ಲ; ಆದರೂ ಅನರ್ಹಳಾದೆ. ಎಲ್ಲರೂ ಹೋದರು. ಕೋಣೆ ಎಂದಿನಂತೆ ಖಾಲಿಯಾಯಿತು, ಅಥವಾ ಎಂದಿಗಿಂತ ತುಸು ಹೆಚ್ಚು. ಕುಕ್ಕರ್ ಇಟ್ಟೆ. ಒಂದು ಸೀಟಿಯಾಯಿತು. ಏಕೋ ಒಲೆ ಆರಿಸಲು ಕೈ ಹೋಗಲಿಲ್ಲ. ಎರಡನೆಯದೂ ಆಯಿತು.

ಗೋಡೆಯಾಚೆಯಿಂದ ಕೂಡಲೇ ಧ್ವನಿ ಬಂತು. “ಬಾಯಾರ, ಯಾರ್ ಬಂದಾರ್ರಿ?”

ಏನು ಹೇಳಬೇಕೋ ತಿಳಿಯದೆ, “ನಿಮಗೇನನ್ನಿಸುತ್ತದೆ?” ಎಂದೆ.

“ನನಗ? ನಿಮ್ಮ ಅನ್ನ ತಳಾ ಹತ್ತೇತಿ ಅನ್ನಸ್ತದ. ಮೊದಲ ಒಲಿ ಆರಸ್ರಿ. ಸಾರು ತರಾಕತ್ತೇನಿ.”