ಐವತ್ತಾರು ಎ.ಪಿ.ಓ. ಯಾವ ತಾಲೂಕು?

ನಾನು ಎಲ್ಲಿಯೂ ವಾಸವಾಗಿಲ್ಲ ಎಂಬುದು ನನ್ನ ಮೂವತ್ತೈದನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ, ದಿನಾ ನೀರು ತುಂಬಿ, ಕಸ ಹೊಡೆದು, ರೊಟ್ಟಿ ಬಡಿದು, ಅರಿವೆ ಒಗೆಯುವ ಹೆಂಗಸು ಎಲ್ಲೋ ಒಂದು ಕಡೆ ಇದ್ದೇ ಇರಬೇಕಲ್ಲ ಎಂದು ನಂಬಿಕೊಂಡಿದ್ದೆ. ಕಾನೂನಿಗೆ ಕೊಡವೂ ಕಾಣುವುದಿಲ್ಲ, ಕಸಬರಿಗೆಯೂ ಕಾಣುವುದಿಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ.

ವಿವರ ಹೇಳುತ್ತೇನೆ, ಕೂತು ಕೇಳಿ. (ನೀವು ಕೂತಿರಿ. ನಾನು ಕೂತರೆ ಬೇಳೆ ಉಕ್ಕುತ್ತದೆ.)

ನನ್ನ ಗಂಡ ದೌಲತರಾಯರು ಮಿಲಿಟರಿಯಲ್ಲಿ ಹವಾಲ್ದಾರರು. ಎಂಬತ್ತಾರರ ಮಾರ್ಚಿನವರೆಗೆ ನಾವು ಪಠಾಣಕೋಟಿನ ಕ್ವಾರ್ಟರ್ಸಿನಲ್ಲಿದ್ದೆವು. ಮಗಳು ಜಗದೇವಿ ಅಲ್ಲಿಯೇ ಏಳನೆಯ ಇಯತ್ತೆ ಪಾಸಾದಳು. ಆಮೇಲೆ ಅವರನ್ನು ಬರೀ ಹಿಮ ಇರುವ ಒಂದು ಕಡೆಗೆ ಕಳಿಸಿದರು. ಅಲ್ಲಿಗೆ ಹೆಂಡತಿ ಮಕ್ಕಳು ಹೋಗುವಂತಿಲ್ಲ. ಅವರು ಎರಡು ಟ್ರಂಕು, ಒಂದು ಹೆಂಡತಿ, ಒಂದು ಮಗಳನ್ನು ರೈಲಿಗೆ ಹತ್ತಿಸಿ, ಟ್ರಂಕುಗಳ ಮೇಲೆ ಕಣ್ಣಿಡು ಎಂದು ಹೇಳಿ ಹೋದರು.

ಅತ್ತೆಯ ಮನೆ ಅಫಜಲಪುರ ತಾಲೂಕಿನ ಮಣ್ಣೂರ. ಭೀಮಾ ದಂಡೆ, ದೊಡ್ಡ ಮನೆ. ಆದರೆ ಆ ಮನೆಯಲ್ಲಿ ಹೆಣ್ಣುಮಕ್ಕಳು ಏಳನೆಯ ಇಯತ್ತೆ ಮುಗಿಸಿದ ದಿನವೇ ಪಾಟೀಚೀಲವನ್ನು ಗೂಟಕ್ಕೆ ಸಿಗಿಸುವುದು ವಾಡಿಕೆ. ನನ್ನ ಅತ್ತೆ ಗುರುಬಾಯಿಯವರು ನಾವು ಬಂದ ಮರುದಿನವೇ ಗೂಟ ನೋಡಿಟ್ಟಿದ್ದರು.

"ಎಂಟನೇದು ಓದಿ ಏನ್ ಮಾಡ್ತಾಳ? ರೊಟ್ಟಿ ಬಡಿಯೂದು ಕಲೀಲಿ."

ನಾನು ವಾದ ಮಾಡಲಿಲ್ಲ. ಹಿಂದಿಯಲ್ಲಿ ಓದಿದ ಹುಡುಗಿ, ಹಿಂದಿ ಚೆನ್ನಾಗಿ ಹೇಳಿಕೊಡುವ ಟೀಚರ್ ಆಳಂದದಲ್ಲಿ ಇದ್ದಾರಂತೆ ಎಂದು ಗಂಡನಿಗೆ ಪತ್ರ ಬರೆದು, ಉತ್ತರ ಬರುವ ಮೊದಲೇ ಆಳಂದದಲ್ಲಿ ಎರಡು ಕೋಣೆ ಹಿಡಿದೆ. (ಆಳಂದ ಮಣ್ಣೂರಿನಿಂದ ಅತ್ತೆ ದಿನಾ ಬಂದು ಹೋಗಲಾರದಷ್ಟು ದೂರ ಎಂಬ ಕಾರಣವನ್ನು ಪತ್ರದಲ್ಲಿ ಬರೆಯಲಿಲ್ಲ.)

ಜೂನಿನಲ್ಲಿ ಮಗಳ ಕೈ ಹಿಡಿದುಕೊಂಡು ಸರಕಾರಿ ಹೈಸ್ಕೂಲಿಗೆ ಹೋದೆ. ಹೆಡ್‌ಮಿಸ್ಟ್ರೆಸ್ ಕಸ್ತೂರಿಬಾಯಿಯವರು ಮೃದುವಾಗಿ ಮಾತಾಡುವ ಹೆಂಗಸು. ನಿಯಮಗಳನ್ನು ಕಂಠಪಾಠ ಮಾಡಿದವರು ಯಾವಾಗಲೂ ಮೃದುವಾಗಿಯೇ ಮಾತಾಡುತ್ತಾರೆ.

"ಸೀಟು ಕಡಿಮಿ ಅವ ರೀ. ಊರಾನವರಿಗೆ ಮೊದಲ. ಜೂನ್ ಒಂದನೇ ತಾರೀಖಿಗಿಂತ ಮೊದಲ ಪಾಲಕರು ಈ ಊರಾಗ ರಹಿವಾಸಿ ಇರಬೇಕು."

"ಮಿಲಿಟರಿಯವರ ಮಕ್ಕಳಿಗೆ ಸವಲತ್ತು ಅದ ಅಂತಾರಲ್ರಿ ಬಾಯೇರ?"

"ಅದ ರೀ. ಆದ್ರ ಅವರಪ್ಪ ಎಲ್ಲಿರ್ತಾರೋ ಅಲ್ಲಿ ಸವಲತ್ತು ಅದ. ಅವರ ವಿಳಾಸ ಹೇಳ್ರಿ."

"ಐವತ್ತಾರು ಎ.ಪಿ.ಓ."

ಅವರು ಬರೆದುಕೊಂಡರು. ಪೆನ್ನು ನಿಂತಿತು. "ಇದು ಯಾವ ತಾಲೂಕಿನ್ಯಾಗ ಬರ್ತದ?"

"ತಾಲೂಕಿಲ್ರಿ. ದಂಡಿನ ಅಂಚೆ ಅದು. ಅವರು ಎಲ್ಲಿದ್ದಾರಂತ ನನಗೂ ಹೇಳಾಂಗಿಲ್ಲ."

"ಹಂಗಾದ್ರ ನಿಮ್ಮ ಹುಡುಗೀಗಿ ಅಲ್ಲೇ ಹೆಸರು ಹಚ್ಚಸಬೇಕಾಗ್ತದ್ರಿ," ಎಂದರು ಕಸ್ತೂರಿಬಾಯಿ, ನಿಜವಾಗಿಯೂ ಬೇಸರಪಟ್ಟುಕೊಂಡು.

ನನ್ನ ಹೆಸರಿನ ಕಾಗದ ತೋರಿಸಿ ಎಂದರು. ಹುಡುಕಿದೆ. ರೇಶನ್ ಕಾರ್ಡಿನಲ್ಲಿ ನಾನು ಮಣ್ಣೂರಿನಲ್ಲಿದ್ದೇನೆ, ಮಾವನವರ ಕುಟುಂಬದ ಏಳನೆಯ ಸದಸ್ಯಳಾಗಿ. ಮತದಾರರ ಪಟ್ಟಿಯಲ್ಲಿ ಜೇವರ್ಗಿಯ ತವರುಮನೆಯಲ್ಲಿದ್ದೇನೆ, ಇನ್ನೂ ಮದುವೆಯಾಗದೆ. ಆಳಂದದ ಬಾಡಿಗೆ ಚೀಟಿ ಗಂಡನ ಹೆಸರಿನಲ್ಲಿದೆ. ಲೈಟಿನ ಬಿಲ್ಲು ಮನೆ ಮಾಲೀಕರ ಹೆಸರಿನಲ್ಲಿದೆ. ಹೀಗೆ ಮೂರು ತಾಲೂಕುಗಳಲ್ಲಿ ಹರಡಿಕೊಂಡ ಸಾಮ್ರಾಜ್ಞಿ ನಾನು, ಮಗಳನ್ನು ಕೂರಿಸಲು ಬೆಂಚಿನ ಮೇಲೆ ಒಂದು ಮೊಳ ಜಾಗ ಸಿಗಲಿಲ್ಲ.

ಉಸ್ಮಾನಸಾಬ ವಕೀಲರು ನನ್ನ ಪರವಾಗಿ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದರು. ವಯಸ್ಸಾದವರು, ಕೋಟಿನ ತೋಳು ಸವೆದಿತ್ತು.

"ಉದ್ಯೋಗ ಏನು ಬರೀಲಿ ಬೇಟಿ?"

"ಮನಿ ಕೆಲಸ."

"ಅಂದ್ರ ಉದ್ಯೋಗ ಇಲ್ಲ," ಎಂದು ಬರೆದರು. "ಆಳಂದದಾಗ ಹಗಲೆಲ್ಲ ಏನ್ ಮಾಡ್ತೀ?"

ನಾನು ಬೆಳಗಿನ ನಳದಿಂದ ಹೇಳತೊಡಗಿದೆ. ಮಧ್ಯಾಹ್ನದ ಹಪ್ಪಳಕ್ಕೆ ಬರುವಷ್ಟರಲ್ಲಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬಸ್, ಬಸ್. ಇದಕ್ಕೆಲ್ಲ ಪುರಾವೆ ಇಲ್ಲ. ಯಾರಾದ್ರೂ ಮಾನವಂತ ಗಂಡಸರ ಸಾಕ್ಷಿ ಬೇಕು."

ಕೋರ್ಟಿನ ತಾರೀಖು ಬರುವವರೆಗೆ ಜಗದೇವಿ ಮನೆಯಲ್ಲಿಯೇ ಕೂತಳು. ಬೇಸರಕ್ಕೆ ನನ್ನ ಪಕ್ಕ ಕೂತು ರೊಟ್ಟಿ ಬಡಿಯತೊಡಗಿದಳು. ಮೊದಲ ವಾರ ಅವಳ ರೊಟ್ಟಿ ಹರಿದ ಚಪ್ಪಲಿಯಂತೆ ಇರುತ್ತಿತ್ತು, ನನಗೆ ಸಮಾಧಾನ. ಎರಡನೆಯ ವಾರ ಅಂಚು ಕೂಡಿಕೊಂಡವು. ಜುಲೈ ಕೊನೆಗೆ ಒಂದು ರೊಟ್ಟಿ ಹೆಂಚಿನ ಮೇಲೆ ಪೂರಾ ದುಂಡಗೆ ಉಬ್ಬಿತು. ಯಾರಿಗೂ ಕಾಣದಂತೆ ಅದನ್ನು ಮುರಿದು ಬುಟ್ಟಿಯ ತಳಕ್ಕೆ ಹಾಕಿದೆ. ಮಣ್ಣೂರಿನಿಂದ ಅತ್ತೆ ಹೇಳಿ ಕಳಿಸಿದ್ದರು: ಶ್ರಾವಣ ಮುಗಿಯುವುದರೊಳಗೆ ಶಾಲೆ ಸಿಗದಿದ್ದರೆ ಹುಡುಗಿಯನ್ನು ಕರೆದುಕೊಂಡು ಬರಲು ಆಳು ಕಳಿಸುತ್ತೇನೆ.

ಗಂಡನಿಗೆ ಬರೆದೆ. ಹದಿನೆಂಟು ದಿನಕ್ಕೆ ಉತ್ತರ ಬಂತು: "ಹಿಂಜರಿಯಬೇಡ. ಎತ್ತರದ ಜಾಗ ಹಿಡಿದುಕೋ. ಸರಬರಾಜು ತಪ್ಪದಂತೆ ನೋಡು. ನನಗೆ ಉಣ್ಣೆಯ ಕಾಲುಚೀಲ ಕಳಿಸು."

ಮಾನವಂತ ಗಂಡಸರೆಂದರೆ ನನಗೆ ಗೊತ್ತಿದ್ದವರು ಮಾವ ಗುರಣ್ಣನವರು. ಊರಿನಲ್ಲಿ ಅವರ ಮಾತಿಗೆ ಬೆಲೆ ಇತ್ತು. ಸಾಕ್ಷಿಗೆ ಬನ್ನಿ ಎಂದು ಹೇಳಿ ಕಳಿಸಿದೆ. ಹೊಸ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಹಚ್ಚಿ, ಮುಂಜಾನೆಯ ಬಸ್ಸಿಗೆ ಬಂದಿಳಿದರು. ಕಟಕಟೆಯಲ್ಲಿ ನಿಂತಾಗ ಮುನ್ಸೀಫರೇ ಒಮ್ಮೆ ನೆಟ್ಟಗೆ ಕೂತರು.

ಉಸ್ಮಾನಸಾಬರು ಕೇಳಿದರು: "ನಿಮ್ಮ ಸೊಸಿ ಶಿವಕಾಂತಾ ಮಾರ್ಚಿನಿಂದ ಎಲ್ಲಿ ಇದ್ದಾಳ್ರಿ?"

ಮಾವನವರು ಕೋರ್ಟಿನ ತುಂಬ ಕಣ್ಣಾಡಿಸಿದರು. ಹಿಂದಿನ ಬೆಂಚಿನಲ್ಲಿ ಅವರ ಪರಿಚಯದ ಇಬ್ಬರು ತೊಗರಿ ವ್ಯಾಪಾರಿಗಳು ಕೂತಿದ್ದರು.

"ನಮ್ಮ ಮನ್ಯಾಗ ಇದ್ದಾಳ್ರಿ."

"ನಿಮ್ಮ ಮನಿ ಅಂದ್ರ?"

"ಮಣ್ಣೂರ ಮನಿ ರೀ. ಮತ್ತೆಲ್ಲಿ? ಮಗ ದಂಡಿನ್ಯಾಗ ಇದ್ದಾಗ ಸೊಸೀನ ಬ್ಯಾರೆ ಇಡೂ ಮನಿತನ ನಮ್ಮದಲ್ರಿ."

"ಆಳಂದದಾಗ ಬಾಡಿಗಿ ಮನಿ ಹಿಡದಾಳಲ್ರಿ?" ಉಸ್ಮಾನಸಾಬರು ಬಾಡಿಗೆ ಚೀಟಿ ಎತ್ತಿ ತೋರಿಸಿದರು.

"ಹಿಡದಿದ್ರ ಹಿಡದಿರಬೇಕ್ರಿ. ಇರೂದು ಮಾತ್ರ ನಮ್ಮ ಮನ್ಯಾಗ."

ಶಾಲೆಯ ಪರ ವಕೀಲರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳುವ ಅವಶ್ಯಕತೆ ಎಲ್ಲಿತ್ತು? ಮಾವನವರು ಮನೆತನದ ಮಾನ ಕಾಪಾಡಿದ ಸಂತೋಷದಲ್ಲಿ ಕೆಳಗಿಳಿದು, ನೆಟ್ಟಗೆ ನನ್ನ ಬಾಡಿಗೆ ಮನೆಗೆ ಬಂದು, ನನ್ನ ಮಣೆಯ ಮೇಲೆ ಕೂತು, ನಾನು ಮಾಡಿದ ಪುಂಡಿಪಲ್ಯದ ಜೊತೆ ನಾಲ್ಕು ರೊಟ್ಟಿ ತಿಂದರು.

"ಮಾವ, ಈಗ ನೀವು ಎಲ್ಲಿ ಉಣ್ಣಾಕತ್ತೀರಿ?" ಎಂದೆ.

"ಯಾಕವ್ವಾ?"

"ಸುಮ್ಮ ಕೇಳ್ದೆ."

"ಪಲ್ಯಾ ಚಂದ ಆಗ್ಯದ," ಎಂದರು. ಮಧ್ಯಾಹ್ನದ ಬಸ್ಸಿಗೆ ಹೋದರು.

ಮರುದಿನ ನಳದ ಹತ್ತಿರ ನನ್ನ ಮುಖ ನೋಡಿ ಖಾಸೀಂಬಿ ಕೊಡ ಕೆಳಗಿಟ್ಟಳು. ಖಾಸೀಂಬಿ ಎದುರು ಮನೆಯವಳು. ನಾನು ಬಂದ ವಾರದಿಂದಲೂ ನಮ್ಮಿಬ್ಬರಿಗೆ ನಳದ ಮೇಲೆ ಯುದ್ಧ ನಡೆದಿತ್ತು. (ನನ್ನ ಗಂಡ ಗಡಿಯಲ್ಲಿ ಸುಮ್ಮನೆ ಕೂತಿದ್ದರು. ನಾನು ಇಲ್ಲಿ ದಿನಾ ಗುಂಡು ಹಾರಿಸುತ್ತಿದ್ದೆ.)

"ಏನ್ ಬೇ, ಇವತ್ತ ಬೈಯಾಂಗಿಲ್ಲೇನು? ಆರಾಮ ಇಲ್ಲೇನು?"

"ಯಾಕ ಬೈಲಿ ಆಪಾ? ನಾ ಈ ಊರಾಗ ಇಲ್ಲಂತ ಕೋರ್ಟಿನ್ಯಾಗ ಸಾಬೀತಾಗ್ಯದ."

ಖಾಸೀಂಬಿ ಪೂರಾ ಕಥೆ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು.

"ನೀ ಇಲ್ಲಂದ್ರ ನನ್ನ ಕೊಡ ದಿನಾ ಹಿಂದ ಸರಸಾಕಿ ಯಾರು? ನಿನ್ನ ಮಾವ ಏನು? ನಾ ಎಪ್ರಿಲ್‌ದಾಗ ಪುರಸಭೆಗಿ ಅರ್ಜಿ ಕೊಟ್ಟೀನಿ, ನಿನ್ನ ಹೆಸರಿನ ಮ್ಯಾಲ. ಮೊಹರ ಹೊಡದು ಕೊಟ್ಟಾರ ನನಗ."

ಅವಳು ಒಳಗೆ ಹೋಗಿ ಅಕ್ಕಿಡಬ್ಬಿಯಿಂದ ಆ ಕಾಗದ ತಂದಳು. ಅರ್ಜಿ ಬರೆಯುವವನಿಂದ ಬರೆಸಿದ್ದು, ಅಕ್ಷರ ಮುತ್ತಿನಂತಿದ್ದವು. "ಸದರಿ ಓಣಿಯ ಮನೆ ನಂಬರು ನೂರಾ ಹನ್ನೊಂದರಲ್ಲಿ ವಾಸವಾಗಿರುವ ಶಿವಕಾಂತಾ ಗಂಡ ದೌಲತರಾಯ ಎಂಬ ಹೆಂಗಸು, ಪ್ರತಿದಿನ ಬೆಳಿಗ್ಗೆ ಪಾಳಿ ಮುರಿದು ಮೂರು ಕೊಡಗಳನ್ನು ಮುಂದೆ ಇಡುತ್ತಿದ್ದು, ಕೇಳಿದರೆ ಪಠಾಣಕೋಟಿನ ಭಾಷೆಯಲ್ಲಿ ಬೈಯುತ್ತಿದ್ದಾಳೆ." ಕೆಳಗೆ ಏಪ್ರಿಲ್ ಇಪ್ಪತ್ತೆರಡರ ಮೊಹರು.

ಇಡೀ ಸರಕಾರದಲ್ಲಿ ನಾನು ಆಳಂದದಲ್ಲಿ ಇದ್ದೇನೆ ಎಂದು ಗುರುತಿಸಿದ ಕಾಗದ ಅದೊಂದೇ. ನನಗೆ ಅಳು ಬಂತು. ಖಾಸೀಂಬಿಗೆ ಗಾಬರಿಯಾಯಿತು.

"ಅಳಬ್ಯಾಡ ಬೇ. ನಾ ಬರ್ತೀನಿ ಸಾಕ್ಷಿಗಿ. ಎಲ್ಲಾ ಹೇಳ್ತೀನಿ."

ಮುಂದಿನ ತಾರೀಖಿಗೆ ಕಟಕಟೆ ಹತ್ತಿ ಅವಳು ನಿಜವಾಗಿಯೂ ಎಲ್ಲಾ ಹೇಳಿದಳು. ಅಷ್ಟು ಹೇಳಬೇಕಾಗಿರಲಿಲ್ಲ. ನಾನು ಎಷ್ಟು ಹೊತ್ತಿಗೆ ಏಳುತ್ತೇನೆ, ಬೂದಿ ಎಲ್ಲಿ ಚೆಲ್ಲುತ್ತೇನೆ, ಯಾವ ವಾರ ಹಾಸಿಗೆ ಒಗೆಯುತ್ತೇನೆ, ನನ್ನ ಒಗ್ಗರಣೆಯ ಘಾಟಿಗೆ ಅವಳ ಗಂಡ ಎಷ್ಟು ಸಲ ಕೆಮ್ಮುತ್ತಾನೆ. ನಾನು ಹೇಳಿದ್ದಕ್ಕೆ ಪುರಾವೆ ಇಲ್ಲದಿದ್ದ ಕೆಲಸಗಳೆಲ್ಲ, ಅವಳು ದೂರು ಹೇಳಿದ ಕೂಡಲೇ ಪುರಾವೆಯಾದವು. ಗುಮಾಸ್ತರು ಒಂದನ್ನೂ ಬಿಡದೆ ಬರೆದುಕೊಂಡರು.

ಮುನ್ಸೀಫರು ನನ್ನತ್ತ ತಿರುಗಿದರು. "ಈ ಅರ್ಜಿಯಲ್ಲಿ ಇರುವುದು ನಿಜವೇನಮ್ಮಾ?"

ಶಾಲೆಯ ಪರ ವಕೀಲರು ಮೀಸೆಯಲ್ಲಿ ನಕ್ಕರು. ಹಿಂದಿನ ಬೆಂಚಿನ ತೊಗರಿ ವ್ಯಾಪಾರಿಗಳು ಮುಂದೆ ಬಾಗಿದರು. ಜಗದೇವಿ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಕೈಬೆರಳಿಗೆ ಮುಂಜಾನೆಯ ಜೋಳದ ಹಿಟ್ಟು ಇನ್ನೂ ಅಂಟಿತ್ತು.

"ನಿಜ ರೀ ಸಾಹೇಬ್ರ. ಪಾಳಿ ಮುರದೀನಿ. ಬೈದೀನಿ. ಮೂರಲ್ಲ, ನಾಕು ಕೊಡ."

ಒಂದು ವಾರಕ್ಕೆ ಹುಕುಂ ಆಯಿತು. ತಂದೆ ಗಡಿಯಲ್ಲಿದ್ದಾಗ ಮಗುವಿನ ರಹಿವಾಸ ತಾಯಿಯ ರಹಿವಾಸವೇ, ತಾಯಿ ಆಳಂದದಲ್ಲಿ ಏಪ್ರಿಲ್‌ನಿಂದಲೂ ವಾಸವಾಗಿರುವುದು ಅವಳ ದಿನನಿತ್ಯದ ನಡವಳಿಕೆಯಿಂದ ನಿಸ್ಸಂದೇಹವಾಗಿ ಸಿದ್ಧವಾಗಿದೆ, ಸೀಟು ಕೊಡಿ. ಮಾವನವರ ಸಾಕ್ಷಿಯ ಬಗ್ಗೆ ಮುನ್ಸೀಫರು ಒಂದೇ ಸಾಲು ಬರೆದಿದ್ದರು: "ಇವರು ಹೇಳಿದ್ದು ಕುಟುಂಬದ ಅಭಿಮಾನ, ವಸ್ತುಸ್ಥಿತಿಯಲ್ಲ." ಶ್ರಾವಣ ಮುಗಿಯಲು ನಾಲ್ಕು ದಿನ ಇದ್ದಾಗ ಕಸ್ತೂರಿಬಾಯಿಯವರು ಮೃದುವಾಗಿಯೇ ಹೆಸರು ಹಚ್ಚಿಕೊಂಡರು. ಜಗದೇವಿ ಶಾಲೆಗೆ ಹೋದಳು. ನಾನು ಒಂದು ವಾರ ದಿನಾ ಮಧ್ಯಾಹ್ನ ಅರ್ಧ ತಾಸು ಮಲಗಿದೆ. ನನ್ನ ಜೀವನದಲ್ಲಿ ನಾನು ಗೆದ್ದ ಒಟ್ಟು ರಾಜ್ಯ ಅಷ್ಟೇ, ಏಳು ಅರ್ಧ ತಾಸು.

ಎಂಟನೆಯ ದಿನ ರವಿವಾರ. ಬಾಗಿಲು ತೆರೆದರೆ ಮಾವನವರು. ರುಮಾಲು ಅದೇ ಗತ್ತಿನಲ್ಲಿತ್ತು. ಅವರ ಹಿಂದೆ ನನ್ನ ಮೈದುನನ ಇಬ್ಬರು ಹೆಣ್ಣುಮಕ್ಕಳು, ತಲೆಯ ಮೇಲೆ ಒಂದೊಂದು ಗಂಟು.

"ಏನ್ ಮಾವ?"

"ಹುಕುಂ ಓದಸಿ ಕೇಳ್ದೆವ್ವಾ. ಆಳಂದದಾಗ ನಮ್ಮ ಮನಿ ಅದ ಅಂತ ಕೋರ್ಟ ಹೇಳ್ಯದಲ್ಲ. ಮತ್ತ ಈ ಹುಡುಗ್ಯಾರು ಯಾಕ ಸುಮ್ಮ ಕೂಡಬೇಕು? ಮುಂದಿನ ಜೂನಿಗಿ ಮೊದಲ ಇವರೂ ರಹಿವಾಸಿ ಆಗಬೇಕಾಗ್ತದಂತ, ಈಗಲೇ ಕರ್ಕೊಂಡ ಬಂದೆ."

"ಅತ್ತಿಯವರು ಏನಂದ್ರು?"

"ಆಕೀನೇ ಗಂಟ ಕಟ್ಟಿ ಕೊಟ್ಟಾಳ. ಕೋರ್ಟಿನ ಮಾತಿಗಿ ಎದುರಾಡಬಾರದು ಅಂದ್ಳು."

ನಾನು ಏನಾದರೂ ಹೇಳುವುದರೊಳಗೆ ಓಣಿಯ ತಿರುವಿನಲ್ಲಿ ನನ್ನ ಅಣ್ಣ ಚಂದ್ರಾಮಪ್ಪ ಕಾಣಿಸಿದ. ಜೇವರ್ಗಿಯ ಬಸ್ಸಿಗೆ ಬಂದಿದ್ದ. ಅವನ ಮಗಳು ಗಂಗಾಬಾಯಿ ಅಟ್ಲಾಸು ಎದೆಗವಚಿಕೊಂಡು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಬರುತ್ತಿದ್ದಳು.

ಹುಡುಗಿಯರು ಹೊಸ್ತಿಲ ಹೊರಗೆ ನಿಂತು ನನ್ನ ಮುಖ ನೋಡಿದರು. ಒಬ್ಬಳನ್ನು ಓದಿಸಲು ಕೋರ್ಟು ಹತ್ತಿದವಳು ಮೂವರನ್ನು ಹೊಸ್ತಿಲಿನಿಂದ ಹಿಂದೆ ಕಳಿಸುವುದು ಹೇಗೆ? ಒಳಗೆ ಬನ್ನಿ ಎಂದೆ. ಬಂದವರೇ ಮೂವರೂ ಮಣ್ಣೂರ, ಜೇವರ್ಗಿಯ ಅಭ್ಯಾಸದ ಪ್ರಕಾರ ನೆಟ್ಟಗೆ ಒಲೆಯ ಕಡೆಗೆ ನಡೆದರು. ದೊಡ್ಡವಳು ಆಗಲೇ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಿದ್ದಳು.

"ಅದನ್ನ ಮುಚ್ಚು," ಎಂದೆ. "ಒಲಿ ಮುಂದ ಯಾರೂ ಬರಬ್ಯಾಡ್ರಿ. ಹೊರಗ ಕುಂತು ಪುಸ್ತಕ ತಗೀರಿ." ಹೇಳಿದ ಮೇಲೆ ಏನು ಹೇಳಿದೆ ಎಂದು ನನಗೆ ಅರ್ಥವಾಯಿತು. ಆದರೆ ಅಷ್ಟರಲ್ಲಿ ನಾಲ್ವರೂ ಗೋಡೆಗೆ ಒರಗಿ ಕೂತಾಗಿತ್ತು. ಜಗದೇವಿ ಅವರಿಗೆ ಹಿಂದಿಯ ಅಕ್ಷರ ತೋರಿಸತೊಡಗಿದ್ದಳು.

ನಾನೊಬ್ಬಳೇ ಏಳು ಜನರ ಹಿಟ್ಟು ಸಾಣಿಸಿ ಕಲಸಲು ಕೂತೆ. ಮಾವನವರು ಅಡಿಗೆಮನೆಯ ಬಾಗಿಲಿಗೆ ಬಂದು, ನನ್ನನ್ನೂ ಹೊರಗಿನ ಹುಡುಗಿಯರನ್ನೂ ಒಂದೆರಡು ಸಲ ನೋಡಿದರು. ಅವರ ಮುಖದಲ್ಲಿ ನನ್ನ ಬಗ್ಗೆ ನಿಜವಾದ ಕನಿಕರ ಮೂಡಿತು.

"ಮನ್ಯಾಗ ನಾಕು ಮಂದಿ ಹೆಣ್ಣುಮಕ್ಕಳಿದ್ದೂ ನಿನಗೊಬ್ಬಾಕೀಗೇ ಇಷ್ಟು ಕೆಲಸ ಏನವ್ವಾ?" ಎಂದರು. "ಇರ್ಲಿ, ಇವತ್ತೊಂದ ದಿನ ತಡಕೋ. ನಾಳೆ ನಿಮ್ಮತ್ತೀನೂ ಬರ್ತಾಳ, ಹುಡುಗ್ಯಾರು ಹ್ಯಾಂಗ ಓದ್ತಾರ ನೋಡಾಕ."